ಪದಬಂಧದ ಕೆಳಗಿನ ಬಲಮೂಲೆ

ಭಾನುವಾರದ ಪದಬಂಧ ಬಿಡಿಸುವವರನ್ನು ನೋಡುತ್ತಾ ಬಂದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕಾಫಿ ಆರುವಷ್ಟರಲ್ಲಿ ಮೇಲಿನ ಅರ್ಧ ತುಂಬಿರುತ್ತದೆ. ತಿಂಡಿ ಮುಗಿಯುವ ಹೊತ್ತಿಗೆ ಎಡಗಡೆಯೂ ಮುಗಿದಿರುತ್ತದೆ. ಕೆಳಗಿನ ಬಲಮೂಲೆಯ ಹತ್ತು ಹನ್ನೆರಡು ಮನೆಗಳು ಮಾತ್ರ ದೀಪ ಹಚ್ಚುವ ಹೊತ್ತಾದರೂ ಖಾಲಿ. ಯಾಕೆ ಎಂದು ಕೇಳಿದರೆ ಬರುವ ಉತ್ತರವೂ ಒಂದೇ: "ಆ ಪದಾನೇ ಕೇಳಿಲ್ಲ ಕಣ್ರೀ, ಯಾವ ಕಾಲದ್ದೋ ಏನೋ." ಮುಂದಿನ ವಾರ ಉತ್ತರ ಅಚ್ಚಾದಾಗ ನೋಡಿದರೆ ಅಲ್ಲಿರುವುದು ಸರೋವರ, ದಿವಸ, ಕರವಸ್ತ್ರ. ಮೂರನೇ ತರಗತಿಯ ಮಕ್ಕಳಿಗೂ ಗೊತ್ತಿರುವ ಪದಗಳು.

ಹಾಗಾದರೆ ಆ ಮೂಲೆಯಲ್ಲಿ ನಡೆದದ್ದೇನು? ನನ್ನ ಪ್ರಕಾರ, ಪದ ಗೊತ್ತಿಲ್ಲದೆ ನಿಂತುಹೋಗುವ ಮೂಲೆಗಳು ಬಹಳ ಕಡಿಮೆ. ಬಹುಪಾಲು ಮೂಲೆಗಳು ನಿಲ್ಲುವುದು ಅಲ್ಲಿ ಆಗಲೇ ಪೆನ್ನಿನಲ್ಲಿ ಬರೆದು ಕೂರಿಸಿರುವ ಒಂದು ತಪ್ಪು ಪದದಿಂದ. ಪಕ್ಕದ ಸರಿಯಾದ ಪದದೊಂದಿಗೆ ಅದು ಎಲ್ಲೋ ಒಂದು ಅಕ್ಷರದಲ್ಲಿ ಹೊಂದಿಕೊಂಡುಬಿಟ್ಟಿರುತ್ತದೆ. ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕನ್ನಡದ ಪದಬಂಧದಲ್ಲಿ ಅಕ್ಷರಗಳು ಮನೆಯಲ್ಲಿ ಹೇಗೆ ಕೂರುತ್ತವೆ, ಹೇಗೆ ಕೂರುವುದಿಲ್ಲ ಎನ್ನುವುದನ್ನು ಗಮನಿಸಿದರೆ ಈ ಕಳ್ಳಪದವನ್ನು ಹಿಡಿಯಬಹುದು. ಇಂಗ್ಲಿಷ್ ಪದಬಂಧದವರು ಹೇಳುವ ಉಪಾಯಗಳು ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ.

ಒಂದು ಮನೆಯಲ್ಲಿ ಎಷ್ಟು ಹಿಡಿಯುತ್ತದೆ

ಇಂಗ್ಲಿಷಿನ ಒಂದು ಚೌಕದಲ್ಲಿ ಕೂರಬಹುದಾದದ್ದು 26 ಅಕ್ಷರಗಳಲ್ಲಿ ಒಂದು. ನಮ್ಮಲ್ಲಿ 34 ವ್ಯಂಜನಗಳು, ಒಂದೊಂದಕ್ಕೂ ಅನುಸ್ವಾರ ವಿಸರ್ಗ ಸೇರಿ 15 ಕಾಗುಣಿತ ರೂಪಗಳು. ಅಲ್ಲಿಗೇ 510 ಆಯಿತು. ಬಿಡಿ ಸ್ವರಗಳನ್ನೂ ಒತ್ತಕ್ಷರಗಳನ್ನೂ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 'ಸ್ತ್ರ' ಒಂದು ಮನೆ, 'ರ್ಯ' ಒಂದು ಮನೆ, 'ನಂ' ಒಂದು ಮನೆ. ಸೂರ್ಯ ಎರಡಕ್ಷರ, ಧನಂಜಯ ನಾಲ್ಕು. ಕ್ರಿಕೆಟ್ ಎಂಬಲ್ಲಿ ಕೊನೆಯ 'ಟ್'ಗೂ ಸಾಮಾನ್ಯವಾಗಿ ಒಂದು ಮನೆ ಸಿಗುತ್ತದೆ.

ಇದರಿಂದ ಎರಡು ಪರಿಣಾಮ. ಮೊದಲನೆಯದು ರಚನೆಕಾರರ ಪಾಡು. ಎರಡು ಪದಗಳು ಅಡ್ಡ ಹಾಯಬೇಕಾದರೆ ವ್ಯಂಜನ ಹೊಂದಿದರೆ ಸಾಲದು, ಸ್ವರವೂ ಒತ್ತೂ ಹೊಂದಬೇಕು. ಮನೆ ಎಂಬ ಪದದ 'ನೆ'ಗೆ ನೆರಳು ಸಿಗುತ್ತದೆ, ನವಿಲು ಸಿಗುವುದಿಲ್ಲ. ನ್ಯೂಯಾರ್ಕ್ ಟೈಮ್ಸಿನ ಪದಬಂಧದಲ್ಲಿ ಪ್ರತಿಯೊಂದು ಚೌಕವೂ ಅಡ್ಡಕ್ಕೂ ಉದ್ದಕ್ಕೂ ಸೇರಿರಲೇಬೇಕು. ವಾರದ ದಿನ 15 ಸಾಲು 15 ಕಂಬ, ಭಾನುವಾರ 21 ಸಾಲು 21 ಕಂಬ. ಅಷ್ಟು ಬಿಗಿಯಾದ ಹೆಣಿಗೆ ಕನ್ನಡದಲ್ಲಿ ಆಗುವ ಮಾತಲ್ಲ. ಹಾಗಾಗಿ ನಮ್ಮಲ್ಲಿ ಕಪ್ಪು ಮನೆ ಜಾಸ್ತಿ, ಪದಗಳು ಎರಡರಿಂದ ಐದು ಅಕ್ಷರದವು, ಒಂದೇ ದಿಕ್ಕಿಗೆ ಸೇರಿದ ಒಂಟಿ ಮನೆಗಳೂ ಜಾಸ್ತಿ. ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಅ.ನಾ. ಪ್ರಹ್ಲಾದರಾವ್ ಅವರಂಥವರು ಕನ್ನಡದಲ್ಲಿ ಸಾವಿರಾರು ಪದಬಂಧ ಕಟ್ಟಿ ಲಿಮ್ಕಾ ದಾಖಲೆಗೆ ಸೇರಿದ್ದಾರೆ ಎಂದರೆ ಅದು ಸಣ್ಣ ಕೆಲಸವಲ್ಲ.

ಎರಡನೆಯ ಪರಿಣಾಮ ಬಿಡಿಸುವವರಿಗೆ ಲಾಭದ್ದು. ಅಡ್ಡಹಾಯುವ ಮನೆಗಳು ಕಡಿಮೆ ಇದ್ದರೂ ಒಂದೊಂದೂ ಹೇಳುವ ವಿಷಯ ಹೆಚ್ಚು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಸಿಕ್ಕರೆ ನೂರಾರು ಪದಗಳು ಇನ್ನೂ ಸಾಲಿನಲ್ಲಿ ನಿಂತಿರುತ್ತವೆ. ನಮಗೆ ಒಂದು 'ಧ್ವ' ಸಿಕ್ಕರೆ ಆಟ ಮುಗಿದ ಹಾಗೆ. ಆದರೆ ಎಲ್ಲ ಅಕ್ಷರಕ್ಕೂ ಒಂದೇ ತೂಕವಿಲ್ಲ. ರ, ನ, ಕ, ಲ, ವ, ಸ ಇವು ತಲೆಕಟ್ಟಿನಲ್ಲೇ ಎಲ್ಲೆಂದರಲ್ಲಿ ಬರುವ ಅಗ್ಗದ ಅಕ್ಷರಗಳು. ಇವುಗಳಲ್ಲಿ ಎರಡು ಪದ ಹೊಂದಿಕೊಂಡರೆ ಅದು ಬರೀ ಕಾಕತಾಳೀಯ ಇರಬಹುದು. ರೋ, ಧೇ, ಸ್ತ್ರ, ಲ್ಗು, ಷ್ಣು ಇವುಗಳಲ್ಲಿ ಹೊಂದಿಕೊಂಡರೆ ಪೆನ್ನು ತೆಗೆಯಬಹುದು. ಬಲಮೂಲೆಯ ಕಥೆಗೆ ಈ ಭೇದವೇ ಮುಖ್ಯ.

ಯಾವುದು ಎಲ್ಲಿ ಕೂರುವುದಿಲ್ಲ

ಸುಳಿವು ಓದುವ ಮೊದಲು ಚೌಕಟ್ಟನ್ನೇ ಒಂದು ನಿಮಿಷ ಓದಬೇಕು. ಅಲ್ಲಿ ಪುಕ್ಕಟೆ ಸಿಗುವ ಮಾಹಿತಿ ಇದೆ, ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ.

ಬಿಡಿ ಸ್ವರ, ಅಂದರೆ ಅ ಆ ಇ ಈ ಮುಂತಾದವು, ಕನ್ನಡದಲ್ಲಿ ಪದದ ಮೊದಲಿಗೆ ಮಾತ್ರ ಬರುತ್ತದೆ. ನಡುವೆ ಬರುವುದು ಅಪರೂಪದಲ್ಲಿ ಅಪರೂಪ. ಹೀಗಾಗಿ ಸ್ವರ ಕೂತಿರುವ ಮನೆ ಎರಡು ದಿಕ್ಕಿಗೂ ಸೇರಿದ್ದರೆ ಎರಡು ದಿಕ್ಕಿನ ಪದಗಳೂ ಅಲ್ಲಿಂದಲೇ ಶುರುವಾಗಬೇಕು. ಕಮಲ (3), ಅಂದರೆ ಮೂರಕ್ಷರದ ಉತ್ತರ ಕೇಳುವ ಸುಳಿವಿದೆ ಎನ್ನಿ. ಅಂಬುಜ ಹೊಳೆಯಿತು. ಆ ಪದದ ಮೊದಲ ಮನೆ ಮೇಲಿನಿಂದ ಇಳಿಯುವ ಇನ್ನೊಂದು ಪದದ ನಡುಮನೆಯೂ ಆಗಿದ್ದರೆ ಅಂಬುಜವನ್ನು ಆಗಲೇ ಕೈಬಿಡಬಹುದು. ಒಂದು ಸುಳಿವನ್ನೂ ಬಿಡಿಸದೆ ಒಂದು ಉತ್ತರ ಹೊರಗೆ ಹೋಯಿತು.

ಹಾಗೆಯೇ ಣ ಮತ್ತು ಳ ಪದದ ಮೊದಲಿಗೆ ಬರುವುದಿಲ್ಲ. ಸಜಾತೀಯ ಒತ್ತುಗಳು, ಅಂದರೆ ಕ್ಕ, ಟ್ಟ, ಪ್ಪ, ಲ್ಲ, ಮೊದಲಿಗೆ ಬರುವುದಿಲ್ಲ. ಕಲಹಕ್ಕೆ ಜಗಳ ಎಂದು ಬರೆದು, ಆ 'ಳ' ಇನ್ನೊಂದು ಅಡ್ಡಪದದ ಮೊದಲ ಮನೆಯಾಗಿದ್ದರೆ ಜಗಳ ತಪ್ಪು. ಕದನ ಹಾಕಿ ನೋಡಿ. ಇಂಥದ್ದನ್ನು ಹಿಡಿಯಲು ಯಾವ ನಿಘಂಟೂ ಬೇಡ. ಟ್, ಸ್, ನ್ ಮುಂತಾದ ಅರ್ಧಾಕ್ಷರಗಳದ್ದು ಇದಕ್ಕೆ ತದ್ವಿರುದ್ಧ. ಅವು ಪದದ ಕೊನೆಯಲ್ಲಿ ಮಾತ್ರ ಕೂರುತ್ತವೆ, ಏಕೆಂದರೆ ನಡುವೆ ಬಂದರೆ ಮುಂದಿನ ಅಕ್ಷರದೊಂದಿಗೆ ಸೇರಿ ಒತ್ತಾಗಿಬಿಡುತ್ತವೆ. ಹಾಗಾಗಿ ಸಾಮ್ರಾಟ್, ಬಸ್, ಟಿಕೆಟ್ ಇಂಥವು ಬರುವುದು ಒಂಟಿ ಮನೆಯಲ್ಲಿ ಕೊನೆಯಾಗುವ ಕಡೆ, ಇಲ್ಲವೇ ಎರಡು ಪದಗಳೂ ಒಟ್ಟಿಗೆ ಮುಗಿಯುವ ಮನೆಯಲ್ಲಿ. ಬಲ ಅಂಚಿನಲ್ಲೂ ಕೆಳ ಅಂಚಿನಲ್ಲೂ ಅಂಥ ಮನೆಗಳು ಹೇರಳ. ಇಂಗ್ಲಿಷಿನಿಂದ ಬಂದ ಪದಗಳು ಆ ಅಂಚುಗಳಲ್ಲಿ ಇರಬಹುದು ಎಂದು ಮೊದಲೇ ಊಹಿಸಿಟ್ಟುಕೊಳ್ಳುವುದು ಲಾಭದಾಯಕ.

ಅರ್ಜುನನೂ ಸೂರ್ಯನೂ

ಜಗಲಿಯ ಮೇಲೆ ನಡೆದ ಒಂದು ಮಾತುಕತೆ ಇದು. ಮೊಮ್ಮಗಳ ಕೈಯಲ್ಲಿ ಪೇಪರು, ಅಜ್ಜಿ ಅವರೆಕಾಳು ಸುಲಿಯುತ್ತಿದ್ದರು.

"ಅಜ್ಜೀ, ಅರ್ಜುನ. ನಾಲ್ಕಕ್ಷರ."

"ಯಾವ ಮನೆ ಬಂದಿದೆ?"

"ಎರಡನೇದು ಮಾತ್ರ. ವ್ಯ."

"ಮತ್ತಿನ್ನೇನೇ ಕೇಳ್ತೀಯ, ಸವ್ಯಸಾಚಿ ಬರ್ಕೋ."

ಅಜ್ಜಿಗೆ ಅರ್ಜುನನ ದಶನಾಮ ಬಾಯಿಪಾಠವಿತ್ತು, ಅದು ಬೇರೆ ಮಾತು. ಗಮನಿಸಬೇಕಾದದ್ದು ಅವರು ಮೊದಲು ಹೆಸರು ಹೇಳಲಿಲ್ಲ, ಮನೆ ಕೇಳಿದರು. ನಾಲ್ಕಕ್ಷರದ ಅರ್ಜುನ ಎಂದರೆ ಧನಂಜಯ, ಸವ್ಯಸಾಚಿ, ಗುಡಾಕೇಶ, ಕಪಿಧ್ವಜ, ಬೃಹನ್ನಳೆ. ಇವನ್ನು ಒಂದರ ಕೆಳಗೊಂದು ಬರೆದು ನೋಡಿ. ಒಂದನೇ ಮನೆಯಲ್ಲಿ ಐದೂ ಬೇರೆ, ಎರಡನೆಯದರಲ್ಲೂ ಬೇರೆ, ಮೂರು ನಾಲ್ಕರಲ್ಲೂ ಬೇರೆ. ಯಾವುದಾದರೂ ಒಂದು ಮನೆ ಸಿಕ್ಕರೆ ಸಾಕು. ಸಿಗದಿದ್ದರೆ ಹೊಳೆದ ಮೊದಲ ಹೆಸರನ್ನು ಬರೆಯುವುದು ಜೂಜು. ಹೆಚ್ಚಿನವರು ಧನಂಜಯ ಎಂದು ಬರೆದು ಮುಂದೆ ಹೋಗುತ್ತಾರೆ. ಮೂರಕ್ಷರಕ್ಕೆ ಬಂದರೆ ಕಿರೀಟಿ, ಫಲ್ಗುಣ, ವಿಜಯ, ಗಾಂಡೀವಿ. ಎರಡಕ್ಕೆ ಪಾರ್ಥ, ಜಿಷ್ಣು, ನರ. ಅಲ್ಲೂ ಒಂದು ಮನೆ ಸಿಕ್ಕರೆ ಉಳಿದವು ಸರಿಯುತ್ತವೆ.

ಕಮಲದ ವಿಷಯ ಹಾಗಲ್ಲ. ಮೂರಕ್ಷರದ ಪಂಕಜ, ನೀರಜ, ಸರೋಜ, ವಾರಿಜ, ವನಜ, ಜಲಜ, ಅಂಬುಜ ಎಲ್ಲದರ ಬಾಲವೂ 'ಜ'. ಕೊನೆಯ ಮನೆಗೆ ಜ ಎಂದು ತೆಳುವಾಗಿ ಬರೆದುಕೊಂಡರೆ ಕೆಳಗಿಳಿಯುವ ಪದಕ್ಕೆ ಒಂದು ಮೊದಲಕ್ಷರ ಸಿಗುತ್ತದೆ. ಆ ಪದ ಜ ಎಂದು ಶುರುವಾಗಲು ಒಪ್ಪದಿದ್ದರೆ ಕಮಲವು ತಾವರೆ, ನಳಿನ ಅಥವಾ ರಾಜೀವ ಆಗಿರುತ್ತದೆ. ಅಂದರೆ ಉತ್ತರ ಗೊತ್ತಿಲ್ಲದೆಯೂ ಉತ್ತರದ ಮೂರನೇ ಒಂದು ಭಾಗವನ್ನು ಕೆಲಸಕ್ಕೆ ಹಚ್ಚಬಹುದು. ಆದರೆ ನೀರಜ, ಸರೋಜಗಳ ನಡುವೆ ಆರಿಸಲು ಆ ಜ ಏನೇನೂ ಸಹಾಯ ಮಾಡದು. ಅದಕ್ಕೆ ಮೊದಲ ಮನೆಯೋ ಎರಡನೆಯದೋ ಬೇಕು.

ಎಲ್ಲಕ್ಕಿಂತ ಅಪಾಯಕಾರಿ ಸೂರ್ಯ. ನಾಲ್ಕಕ್ಷರದ ಸೂರ್ಯ ದಿನಕರ, ದಿವಾಕರ, ಪ್ರಭಾಕರ. ಮೂರನೇ ನಾಲ್ಕನೇ ಮನೆಗಳು ಮೂರಕ್ಕೂ ಒಂದೇ. ಮೊದಲ ಮನೆಯಲ್ಲಿ 'ದಿ' ಬಂದರೆ ಪ್ರಭಾಕರ ಹೋಗುತ್ತದೆ, ಇನ್ನೆರಡು ಉಳಿಯುತ್ತವೆ. ವ್ಯತ್ಯಾಸ ಇರುವುದು ಎರಡನೇ ಮನೆಯಲ್ಲಿ ಮಾತ್ರ. ಆ ಮನೆ ಒಂಟಿಯಾಗಿದ್ದರೆ, ಅಂದರೆ ಅದರ ಮೂಲಕ ಯಾವ ಪದವೂ ಇಳಿಯದಿದ್ದರೆ, ಬರೀ 'ಸೂರ್ಯ' ಎಂದು ಸುಳಿವು ಕೊಟ್ಟ ರಚನೆಕಾರ ತಪ್ಪು ಮಾಡಿದ್ದಾನೆ. ಅಂಥ ಕಡೆ ಬಿಡಿಸುವವರಿಗೆ ಸರಿ ಉತ್ತರ ತಲುಪುವ ದಾರಿಯೇ ಇಲ್ಲ. ಒಳ್ಳೆಯ ರಚನೆಕಾರ ಸುಳಿವಿನಲ್ಲೇ ದಾರಿ ಇಟ್ಟಿರುತ್ತಾನೆ.

ಆ ಮೂಲೆಯನ್ನೇ ಬಿಡಿಸೋಣ

ಮಾದರಿಗೆಂದು ಕಟ್ಟಿದ ಒಂದು ಮೂಲೆ ಇದು. ಮೇಲಿನ ಸಾಲಿನಲ್ಲಿ ನಾಲ್ಕು ಮನೆ. ಒಂದನೇ ಮನೆಯಿಂದ ಮೂರು ಮನೆಯ ಪದವೊಂದು ಕೆಳಗಿಳಿಯುತ್ತದೆ, ಮೂರನೇ ಮನೆಯಿಂದ ನಾಲ್ಕು ಮನೆಯದು ಇಳಿಯುತ್ತದೆ. ಮೂರನೇ ಸಾಲಿನಲ್ಲಿ ಮತ್ತೆ ಅಡ್ಡಕ್ಕೆ ನಾಲ್ಕು ಮನೆ. ಉಳಿದದ್ದು ಕಪ್ಪು. ಸುಳಿವುಗಳು:

ಎಡದಿಂದ ಬಲಕ್ಕೆ
18. ದಿನದ ತೆರಿಗೆ ಕೇಳುವ ಸೂರ್ಯ (4)
21. ಮಾನಸಕ್ಕೆ ಜೊತೆಯಾದ ನೀರು (4)

ಮೇಲಿನಿಂದ ಕೆಳಕ್ಕೆ
18. ವಾರಕ್ಕೆ ಏಳು (3)
19. ಕೈಯ ಉಡುಪು ಜೇಬಿನಲ್ಲಿ (4)

ಕಣ್ಣು ಮೊದಲು ಹೋಗುವುದು 19ಕ್ಕೆ. ಕೈಯ ಉಡುಪು, ನಾಲ್ಕಕ್ಷರ: ಕೈಗವಸು. ಲೆಕ್ಕ ಸರಿ, ಅರ್ಥ ಸರಿ, ಬರೆದಾಯಿತು. ಅದರ ಮೂರನೇ ಮನೆ 'ವ' 21ರ ಮೂರನೇ ಮನೆಯೂ ಹೌದು. ಮಾನಸದ ಜೊತೆಗೆ ಬರುವ ನೀರು ಎಂದರೆ ಸರೋವರ; ಸ, ರೋ, ವ, ರ. ಮೂರನೆಯದು ವ! ಎರಡೂ ಒಂದನ್ನೊಂದು ಹಿಡಿದುಕೊಂಡವು. ಸರೋವರದ 'ಸ' ಮೇಲಿನಿಂದ ಕೆಳಕ್ಕೆ ಇಳಿಯುವ 18ರ ಕೊನೆಯ ಮನೆ. ವಾರಕ್ಕೆ ಏಳಿರುವುದು, ಸ ಎಂದು ಮುಗಿಯುವುದು: ದಿವಸ. ವಾಸರವೂ ಮೂರಕ್ಷರದ್ದೇ, ಆದರೆ ರ ಎಂದು ಮುಗಿಯುವುದರಿಂದ ಅದು ಹೋಯಿತು. ಇನ್ನು ಉಳಿದದ್ದು 18 ಎಡದಿಂದ ಬಲಕ್ಕೆ. ಮೊದಲ ಮನೆ ದಿ, ಮೂರನೇ ಮನೆ ಕೈ. ದಿ, ಏನೋ, ಕೈ, ಏನೋ. ಸೂರ್ಯ.

ಇಲ್ಲಿಂದ ಸಂಜೆಯವರೆಗೆ ಕೂರುವವರಿದ್ದಾರೆ. ನಿಘಂಟು ತೆಗೆಯುತ್ತಾರೆ, 'ದಿ' ಪುಟಗಳನ್ನೆಲ್ಲ ಜಾಲಾಡುತ್ತಾರೆ, ಸೂರ್ಯನಿಗೆ ಯಾರೂ ಕೇಳದ ಹೆಸರೊಂದು ಇರಬೇಕು ಎಂದು ನಂಬುತ್ತಾರೆ. ನಾಲ್ಕರಲ್ಲಿ ಮೂರು ಪದ ತುಂಬಿದೆ, ಎಲ್ಲವೂ ಒಂದಕ್ಕೊಂದು ಹೊಂದಿವೆ, ಹಾಗಾಗಿ ಸಂಶಯವೆಲ್ಲ ನಾಲ್ಕನೆಯದರ ಮೇಲೆ. ತಪ್ಪಿರುವುದು ಮೊದಲು ಬರೆದ ಪದದಲ್ಲಿ. ಅದಕ್ಕೆ ಸಿಕ್ಕ ಒಂದೇ ಸಾಕ್ಷಿ ಒಂದು 'ವ'. ಅಗ್ಗದ ಅಕ್ಷರ.

ಕಳ್ಳನನ್ನು ಹಿಡಿಯುವ ಕ್ರಮ ಹೀಗೆ. ಮೂಲೆಯ ಪ್ರತಿಯೊಂದು ಪದಕ್ಕೂ ಎಷ್ಟು ಸಾಕ್ಷಿ ಇದೆ ಎಂದು ಎಣಿಸಿ. ಸರೋವರಕ್ಕೆ ಸ ಮತ್ತು ವ ಎರಡು ಕಡೆಯಿಂದ ಬೆಂಬಲ, ಜೊತೆಗೆ ಸುಳಿವು ಬೇರೆ ಅರ್ಥಕ್ಕೆ ಜಾಗವನ್ನೇ ಕೊಡುವುದಿಲ್ಲ. ದಿವಸಕ್ಕೆ ಸ ಇದೆ, ದಿ ಸೂರ್ಯನಿಗೂ ಒಪ್ಪುತ್ತದೆ. ಕೈಗವಸಿಗೆ ವ ಒಂದೇ. ಇನ್ನೊಂದು ಕಡೆ ಕೈ ಅಡ್ಡಗಾಲು ಹಾಕುತ್ತಿದೆ. ಅಳಿಸಬೇಕಾದದ್ದು ಅದನ್ನೇ. ಸುಳಿವಿನಲ್ಲೂ ಎರಡು ಎಚ್ಚರಿಕೆ ಇದ್ದವು. ಒಂದು, ಸುಳಿವಿನಲ್ಲಿ ಬಂದ ಪದ ಉತ್ತರದಲ್ಲಿ ಮತ್ತೆ ಬರುವಂತೆ ರಚನೆಕಾರರು ಬರೆಯುವುದು ಕಡಿಮೆ. ಸುಳಿವಿನಲ್ಲಿ ಕೈ ಇದ್ದಮೇಲೆ ಉತ್ತರದ ಕೈಯನ್ನು ಅನುಮಾನಿಸಬೇಕು. ಎರಡು, 'ಜೇಬಿನಲ್ಲಿ' ಎಂಬ ಮಾತಿಗೆ ಕೈಗವಸು ಲೆಕ್ಕ ಕೊಡುವುದಿಲ್ಲ. ಒಳ್ಳೆಯ ಸುಳಿವಿನಲ್ಲಿ ದಂಡದ ಪದ ಇರುವುದಿಲ್ಲ. ಒಂದು ಪದ ಕೆಲಸವಿಲ್ಲದೆ ಉಳಿಯಿತು ಎಂದರೆ ಉತ್ತರ ಇನ್ನೂ ಸಿಕ್ಕಿಲ್ಲ.

ಕೈಗವಸು ಅಳಿಸಿ. ಸೂರ್ಯನಿಗೆ ಈಗ ದಿ ಮಾತ್ರ ಉಳಿಯಿತು: ದಿನಕರ ಇಲ್ಲವೇ ದಿವಾಕರ. ಯಾವುದಾದರೂ ಇರಲಿ, ಮೂರನೇ ಮನೆ ಕ. ಹಾಗಾದರೆ 19 ಕ ಎಂದು ಶುರುವಾಗಬೇಕು, ಮೂರನೆಯದು ವ. ಕೈಗೆ ಕರ, ಉಡುಪಿಗೆ ವಸ್ತ್ರ, ಇರುವುದು ಜೇಬಿನಲ್ಲಿ. ಕರವಸ್ತ್ರ. ಕೈಗವಸಿನ ಮೂರನೇ ಮನೆಯೂ ಕರವಸ್ತ್ರದ ಮೂರನೇ ಮನೆಯೂ ಒಂದೇ ವ ಆಗಿದ್ದದ್ದೇ ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ. ಕೊನೆಗೆ ದಿನಕರನೋ ದಿವಾಕರನೋ? ಎರಡನೇ ಮನೆ ಒಂಟಿ, ಅಡ್ಡಪದದ ಸಹಾಯವಿಲ್ಲ. ಸುಳಿವಿಗೆ ಮರಳಬೇಕು. ದಿನದ ತೆರಿಗೆ: ದಿನ, ಕರ. ದಿನಕರ. ಸುಳಿವಿನ ದಿನವೇ ಉತ್ತರಕ್ಕೂ ಬಂದದ್ದು ಆ ಅಪರೂಪಕ್ಕೆ ಸೇರಿದ್ದು.

ಸುಳಿವಿನ ಬಾಲ ಹಿಡಿಯಿರಿ

ಬ್ರಿಟಿಷ್ ಗೂಢ ಪದಬಂಧಗಳಲ್ಲಿ, ಅಂದರೆ ಸುಳಿವಿನಲ್ಲೇ ಪದದಾಟ ಅವಿತಿರುವ ಪದಬಂಧಗಳಲ್ಲಿ, ಉತ್ತರದ ನೇರ ಅರ್ಥ ಸುಳಿವಿನ ಮೊದಲಲ್ಲಾದರೂ ಇರುತ್ತದೆ, ಕೊನೆಯಲ್ಲಾದರೂ ಇರುತ್ತದೆ. ಕನ್ನಡದಲ್ಲಿ ವಿಶೇಷಣ ಮುಂದೆ, ನಾಮಪದ ಹಿಂದೆ ಬರುವುದರಿಂದ ಅದು ಬಹುತೇಕ ಕೊನೆಯಲ್ಲೇ ಇರುತ್ತದೆ. 'ದಿನದ ತೆರಿಗೆ ಕೇಳುವ ಸೂರ್ಯ' ಎಂಬಲ್ಲಿ ಕೊನೆಯ ಪದ ಸೂರ್ಯ, ಉತ್ತರವೂ ಸೂರ್ಯನೇ. 'ಚೆಲ್ಲಾಪಿಲ್ಲಿಯಾದ ಮಗನತ್ತ ಲಕ್ಷ್ಯ (3)' ಎಂದರೆ ಉತ್ತರಕ್ಕೆ ಲಕ್ಷ್ಯ ಎಂಬ ಅರ್ಥವಿರಬೇಕು. ಮ, ಗ, ನ ಕಲಸಿದರೆ ಗಮನ. 'ತಲೆ ಹಾರಿದ ವಿಮಾನದಲ್ಲಿ ಉಳಿದ ಮರ್ಯಾದೆ (2)' ಎಂದರೆ ವಿ ತೆಗೆದು ಮಾನ. 'ಭಯ ಮರೆತವನೊಳಗೆ ಸಾವಿನ ದೊರೆ (2)' ಎಂದರೆ ಭಯದ ಬಾಲ, ಮರೆತದ ತಲೆ ಕೂಡಿದ ಯಮ. 'ದೇಹಕ್ಕೊಂದು ಮಾಡು ಕೊಟ್ಟರೆ ದಸರೆಗೆ ಹೊರಡಬಹುದು (3)' ಎಂಬುದರಲ್ಲಿ 'ಮಾಡು' ಕ್ರಿಯಾಪದದಂತೆ ನಟಿಸುತ್ತಿದೆ. ಅದು ಕರಾವಳಿಯವರ ಮಾಡು, ಅಂದರೆ ಸೂರು. ಮೈ, ಸೂರು. ಗಡಿಬಿಡಿಯಲ್ಲಿ ಓದಿದರೆ ಸಿಗುವ ಅರ್ಥವನ್ನು ನಂಬದೆ ಒಂದೊಂದು ಪದವನ್ನೂ ಬೇರೆಯಾಗಿ ಹಿಡಿದು ನೋಡುವುದೇ ಇಲ್ಲಿಯ ಕಸುಬು.

ಸುಳಿವಿನ ವ್ಯಾಕರಣವೂ ಮಾತಾಡುತ್ತದೆ. 'ನರ್ತಿಸುವವಳು' ಎಂದಿದ್ದರೆ ನರ್ತಕಿ, ನರ್ತಕ ಅಲ್ಲ. ಕಿ ಮತ್ತು ಕ ಬೇರೆ ಬೇರೆ ಮನೆಯ ಸಂಸಾರ. 'ಓಡು' ಎಂದಿದ್ದರೆ ಧಾವಿಸು, 'ಓಡುವಿಕೆ' ಎಂದಿದ್ದರೆ ಉತ್ತರವೂ ನಾಮಪದ. ಹಳಗನ್ನಡ ಎಂಬ ಸೂಚನೆ ಇದ್ದರೆ ಹಕಾರವನ್ನು ಪಕಾರ ಮಾಡಿ ನೋಡಿ: ಹುಲಿ ಪುಲಿ, ಹಕ್ಕಿ ಪಕ್ಕಿ. ತತ್ಸಮ, ತದ್ಭವಗಳಲ್ಲಿ ಅಕ್ಷರಸಂಖ್ಯೆ ಕೆಲವೊಮ್ಮೆ ತೀರ್ಪು ಕೊಡುತ್ತದೆ. ಹರ್ಷಕ್ಕೆ ಎರಡು ಮನೆ, ಹರುಷಕ್ಕೆ ಮೂರು. ಭಕ್ತಿಗೆ ಎರಡು, ಬಕುತಿಗೆ ಮೂರು. ಆದರೆ ಪುಸ್ತಕವೂ ಹೊತ್ತಗೆಯೂ ಮೂರಕ್ಷರದ್ದು, ಆಶ್ಚರ್ಯವೂ ಅಚ್ಚರಿಯೂ ಮೂರಕ್ಷರದ್ದು, ಬ್ರಹ್ಮನೂ ಬೊಮ್ಮನೂ ಎರಡಕ್ಷರದವರು. ಅಲ್ಲಿ ಸಂಖ್ಯೆ ನೋಡಿ ಬರೆದರೆ ಕೆಟ್ಟಿರಿ.

ಇನ್ನು 'ತಿರುಗುಮುರುಗು', 'ಬಲದಿಂದ ಎಡಕ್ಕೆ', 'ಕೆಳಗಿನಿಂದ ಮೇಲಕ್ಕೆ' ಎಂಬ ಷರಾಗಳು. ಇವನ್ನು ಕಂಡರೆ ಹೊಸಬರು ಹೆದರಿ ಬಿಟ್ಟುಬಿಡುತ್ತಾರೆ. ಮೊದಲು ಬಿಡಿಸಬೇಕಾದದ್ದೇ ಇವುಗಳನ್ನು ಎನ್ನುವುದು ನನ್ನ ಅಭಿಪ್ರಾಯ. ರಚನೆಕಾರ ಚೌಕಟ್ಟು ತುಂಬುತ್ತಾ ಬಂದು ಕೊನೆಯಲ್ಲಿ ಇಕ್ಕಟ್ಟಿಗೆ ಸಿಕ್ಕಾಗ, ಸಿಕ್ಕ ಅಕ್ಷರಗಳಲ್ಲಿ ನೇರ ಪದ ಆಗದಿದ್ದಾಗ, ಪದವನ್ನು ತಿರುಗಿಸಿ ಕೂರಿಸುತ್ತಾನೆ. ಅದರಲ್ಲಿ ಕಷ್ಟವಿದ್ದದ್ದು ಜಾಗದ್ದು. ಪದ ಸಾಮಾನ್ಯವಾಗಿ ತೀರ ಬಳಕೆಯದೇ, ಸುಳಿವೂ ನೇರ. ಹೀಗೆ ತಿರುಗಿಸಿದ ಪದಗಳು ಕೆಳಗಿನ ಬಲಮೂಲೆಯಲ್ಲೇ ಹೆಚ್ಚು ಕಾಣುವುದಕ್ಕೂ ಇದೇ ಕಾರಣ. ಚೌಕಟ್ಟು ತುಂಬುವ ಕೈ ಮೇಲಿನ ಎಡದಿಂದ ಶುರುವಾಗಿ ಅಲ್ಲಿಗೆ ಬಂದು ದಣಿದಿರುತ್ತದೆ. ಬರೆಯುವಾಗ ಒಂದೇ ಎಚ್ಚರ: ತಿರುಗುವುದು ಅಕ್ಷರಗಳ ಸಾಲು, ಗುಣಿತವಲ್ಲ. ನದಿ ತಿರುಗಿದರೆ ದಿನ, ದಾಸ ತಿರುಗಿದರೆ ಸದಾ, ರಾಜ ತಿರುಗಿದರೆ ಜರಾ. ಗದಗ, ನವೀನ, ಸಮಾಸ ತಿರುಗಿದರೂ ಅವೇ.

ತಲೆಕಟ್ಟು ಹಾಕಬೇಡಿ

ಪೆನ್ನು ಬೇಡ, ಗಟ್ಟಿ ಪೆನ್ಸಿಲೂ ಬೇಡ. ಪತ್ರಿಕೆಯ ಕಾಗದ ತೆಳು, ಎಚ್‌ಬಿ ಪೆನ್ಸಿಲ್ ಒತ್ತಿ ಬರೆದು ಎರಡು ಸಲ ಅಳಿಸಿದರೆ ಹರಿಯುತ್ತದೆ. 2ಬಿ ಪೆನ್ಸಿಲನ್ನು ಒತ್ತದೆ ಬರೆದರೆ ಸಾಕಷ್ಟು ಕಪ್ಪಾಗಿ ಕಾಣುತ್ತದೆ, ಅಳಿಸಿದರೂ ಮನೆ ಉಳಿಯುತ್ತದೆ.

ವ್ಯಂಜನ ಖಚಿತವಾಗಿ, ಸ್ವರ ಖಚಿತವಾಗದ ಮನೆಗಳು ವಾರಾಂತ್ಯದ ದೊಡ್ಡ ಪದಬಂಧದಲ್ಲಿ ಬೇಕಾದಷ್ಟು. ಯಮುನೆಯೋ ಯಮುನಾವೋ, ದಸರಾವೋ ದಸರೆಯೋ, ಸೀತೆಯೋ ಸೀತಾಳೋ? ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಪದಗಳಿಗೆಲ್ಲ ಈ ಇಬ್ಬಂದಿ ಇದೆ. ರಚನೆಕಾರ ಅಡ್ಡಪದಕ್ಕೆ ಒಪ್ಪುವುದನ್ನು ಬಳಸಿರುತ್ತಾನೆ. ಇಂಥ ಮನೆಯಲ್ಲಿ ಅಕ್ಷರವನ್ನು ತಲೆಕಟ್ಟಿಲ್ಲದೆ ಬರೆದಿಡಿ. ಬರೀ ಬೋಳು ರ, ಬೋಳು ನ, ಬೋಳು ತ. ಅಡ್ಡಪದ ಬಂದಮೇಲೆ ದೀರ್ಘವನ್ನೋ ಏತ್ವವನ್ನೋ ಹಚ್ಚಿದರಾಯಿತು, ಅಳಿಸುವ ಕೆಲಸವೇ ಇಲ್ಲ. ತಲೆಕಟ್ಟೇ ಇಲ್ಲದ ಬ, ಲ, ಜ, ಣಗಳಿಗೆ ಈ ಉಪಾಯ ನಡೆಯದು. ಅಲ್ಲಿ ಮೂಲೆಯಲ್ಲೊಂದು ಚುಕ್ಕೆ ಇಡಿ. ಶ, ಷಗಳ ಅನುಮಾನಕ್ಕೂ, ಅಲ್ಪಪ್ರಾಣ ಮಹಾಪ್ರಾಣಗಳ ಅನುಮಾನಕ್ಕೂ ಚುಕ್ಕೆಯೇ ಗತಿ. ಐ, ಔಗಳ ವಿಷಯದಲ್ಲಿ ಮಾತ್ರ ಮೊದಲೇ ತೀರ್ಮಾನಿಸಬೇಕು, ಏಕೆಂದರೆ ಕೌದಿ ಎರಡು ಮನೆ, ಕವುದಿ ಮೂರು.

ಮೊದಲ ಸುತ್ತಿನಲ್ಲಿ ಗಾದೆಗಳನ್ನೂ ಊರುಗಳನ್ನೂ ತುಂಬಿ. 'ಕೈ ಕೆಸರಾದರೆ ಬಾಯಿ ___ (3)' ಎಂಬುದಕ್ಕೆ ಎರಡನೇ ಉತ್ತರವಿಲ್ಲ. ಅಂಥವು ಮಾತ್ರ ಗಟ್ಟಿಯಾಗಿ ಬರೆಯಲು ಯೋಗ್ಯ. ಎರಡಕ್ಷರದ ಸುಳಿವುಗಳನ್ನು ಕೊನೆಗೆ ಇಟ್ಟುಕೊಳ್ಳಿ. ನೀರು (2) ಎಂದರೆ ಜಲ, ವಾರಿ, ತೋಯ, ಅಂಬು. ಚಿಕ್ಕದಾದಷ್ಟೂ ಮೋಸ ಜಾಸ್ತಿ. ನಿಘಂಟು ತೆಗೆಯುವುದು ತಪ್ಪೇನಲ್ಲ, ಆದರೆ ಅಕಾರಾದಿ ನಿಘಂಟು ಮೊದಲಕ್ಷರ ಗೊತ್ತಿದ್ದವರಿಗೆ ಮಾತ್ರ ಉಪಕಾರಿ. ನಡುವಿನ ಅಕ್ಷರವಷ್ಟೇ ಸಿಕ್ಕಿದ್ದರೆ ಅಮರಕೋಶವೇ ಮೇಲು, ಅಲ್ಲಿ ನೀರಿನ ಹೆಸರೆಲ್ಲ ಒಂದೆಡೆ, ಕಮಲದ ಹೆಸರೆಲ್ಲ ಒಂದೆಡೆ ಇವೆ.

ಅಂದಹಾಗೆ, ಈ ಆಟ ಹುಟ್ಟಿದ್ದೂ ಭಾನುವಾರವೇ. ಆರ್ಥರ್ ವಿನ್ ಕಟ್ಟಿದ ಮೊದಲ ಪದಬಂಧ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಬಂದದ್ದು 1913ರ ಡಿಸೆಂಬರ್ 21ರಂದು, ವಜ್ರದ ಆಕಾರದಲ್ಲಿ. ನ್ಯೂಯಾರ್ಕ್ ಟೈಮ್ಸ್ ಬಹುಕಾಲ ಬೇಡವೆಂದು ಕೂತು 1942ರ ಫೆಬ್ರುವರಿ 15ರಂದು ಶುರುಮಾಡಿತು, ಅದೂ ಭಾನುವಾರ. ಅವರಲ್ಲಿ ವಾರದ ಅತಿ ಕಠಿಣ ಪದಬಂಧ ಶನಿವಾರದ್ದು, ಭಾನುವಾರದ್ದು ಬರೀ ದೊಡ್ಡದು.

ಫೋನಿನಲ್ಲಿ ಬಿಡಿಸುವವರಿಗೆ

ಕಾಗದದ ಮೇಲೆ 'ಸ್ತ್ರ' ಒಂದು ಮನೆಯಲ್ಲಿ ಕೂರುವ ಒಂದು ಅಕ್ಷರ. ಕಂಪ್ಯೂಟರು, ಫೋನುಗಳು ಅಕ್ಷರ ಗುರುತಿಸುವ ಯುನಿಕೋಡಿನಲ್ಲಿ ಅದು ಸ, ಹಲಂತ (ಸ್ವರ ತೆಗೆಯುವ ಚಿಹ್ನೆ), ತ, ಹಲಂತ, ರ ಎಂಬ ಐದು ಸಂಕೇತಗಳ ಸಾಲು. ಇದನ್ನು ಗಮನಿಸದೆ ಮಾಡಿದ ಆಪ್‌ಗಳಲ್ಲಿ ಮನೆಗೆ ಒಂದೇ ಸಂಕೇತ ಹಿಡಿದು ಉಳಿದದ್ದು ಪಕ್ಕದ ಮನೆಗೆ ಹಾರುತ್ತದೆ. ಕೆಲವು ಕಡೆ ಒಂದು ಸಲ ಅಳಿಸಿದರೆ ಕೊನೆಯ ಸಂಕೇತ ಮಾತ್ರ ಹೋಗಿ ಹಲಂತ ಉಳಿದುಬಿಡುತ್ತದೆ. ಮನೆಯಲ್ಲಿ 'ಸ್ತ್' ಎಂದು ಉಳಿದ ಆ ಹಲಂತ ಗಮನಕ್ಕೆ ಬಾರದೆ ಹೋದರೆ, ಸರಿಯೆಂದುಕೊಂಡ ಉತ್ತರವನ್ನೂ ಆಪ್ ತಪ್ಪು ಎನ್ನುತ್ತದೆ. ಕೊ, ಕೋಗಳದ್ದು ಇನ್ನೊಂದು ತಕರಾರು. ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ, ಕೊಂಬಿನ ದೀರ್ಘ ಮುಂತಾದ ತುಂಡುಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸದ ಆಪ್‌ಗೆ ಅವು ಬೇರೆ ಬೇರೆ. ಸರೋವರ ಸರಿಯೆಂದು ಖಾತ್ರಿಯಿದ್ದೂ ಮನೆ ಕೆಂಪಾದರೆ 'ರೋ' ಮನೆಯನ್ನು ಪೂರ್ತಿ ಬರಿದಾಗುವವರೆಗೆ ಅಳಿಸಿ, ಮತ್ತೆ ಟೈಪ್ ಮಾಡಿ. ಆಗಲೂ ಕೆಂಪಾಗಿದ್ದರೆ ಬೇರೆ ಕೀಲಿಮಣೆಗೆ ಬದಲಿಸಿ ಇನ್ನೊಮ್ಮೆ ಬರೆಯಿರಿ.